ನಾಕ್‌ಬಾನ್ ಗೋರಿಯ ಕಲ್ಲು

ನನ್ನ ತಮ್ಮ ಮ್ಯಾಲಕಿ ಗೋಡೆ ಕಟ್ಟುವವನು. ಗಾರೆ ಇಲ್ಲ, ಮಣ್ಣಿಲ್ಲ, ಬರೀ ಕಲ್ಲಿನ ಮೇಲೆ ಕಲ್ಲು ಕೂರಿಸಿದ ಹೊಲದ ಗೋಡೆ. ನಮ್ಮ ಸ್ಲೈಗೋ ಸೀಮೆಯಲ್ಲಿ ಅವನ ಗೋಡೆ ಬಿದ್ದದ್ದನ್ನು ಕಂಡವರಿಲ್ಲ. ಮಾತು ಕಡಿಮೆ. ಹಟವೆಲ್ಲ ನನ್ನ ಪಾಲಿಗೇ ಬಂದಿತ್ತು. ತಾಯಿ ಹೋದ ಮೇಲೆ ಸಾಕಿದವಳು ನಾನು, ಹಾಗಾಗಿ ಅಕ್ಕ ಹೇಳಿದರೆ ಮುಗಿಯಿತು, ಮಾಡುತ್ತಿದ್ದ. ಆ ಗುಣವೇ ಅವನನ್ನು ತಿಂದಿತು.

ನಮ್ಮ ಹೊಲದ ಮೇಲಿನ ನಾಕ್‌ಬಾನ್ ಗುಡ್ಡದ ನೆತ್ತಿಯಲ್ಲಿ ಐದು ಸಾವಿರ ವರ್ಷದ ಗೋರಿ ಇದೆ. ಹೊರಗೆ ಕಲ್ಲಿನ ರಾಶಿ, ಒಳಗೆ ಬಗ್ಗಿಕೊಂಡು ಹೋಗುವ ಓಣಿ, ಕೊನೆಗೊಂದು ಕತ್ತಲ ಕೋಣೆ. ಅಲ್ಲಿ ಸುಟ್ಟ ಎಲುಬು ತಂದಿಟ್ಟವರು ಯಾವ ಜನವೋ ಏನೋ. ಮುತ್ತಜ್ಜನ ಕಾಲದಲ್ಲಿ ಜಮೀನ್ದಾರನ ಆಳುಗಳು ಅರ್ಧ ರಾಶಿಯನ್ನು ಹೊತ್ತು ರಸ್ತೆಗೆ ಸುರಿದರಂತೆ. ಆ ವರ್ಷವೇ ಆಲೂಗಡ್ಡೆ ನೆಲದಲ್ಲೇ ಕೊಳೆಯಿತು ಎಂದು ಅಜ್ಜಿ ಹೇಳುತ್ತಿದ್ದಳು. ಒಳಗಿರುವ, ಕಣ್ಣಿಗೆ ಕಾಣದ ಜನರ ಹೆಸರನ್ನು ನಾವು ಎತ್ತುವುದಿಲ್ಲ. 'ಒಳ್ಳೆಯವರು' ಎನ್ನುತ್ತೇವೆ, ಹೆದರಿಕೆಯಿಂದ.

ಮದುವೆಯಾದ ವರ್ಷ ಮ್ಯಾಲಕಿ ಹೊಸ ಮನೆಯ ಒಲೆಗೆ ತಳಗಲ್ಲು ಹುಡುಕುತ್ತಿದ್ದ. ಗೋರಿಯ ಓಣಿಯಲ್ಲಿ, ಚಾವಣಿ ಚಪ್ಪಡಿಯ ಕೆಳಗಿಂದ, ಒಂದು ಚಪ್ಪಟೆ ಕಲ್ಲು ಎಳೆದು ತಂದ. ಆಮೇಲೆ ಅವನ ಹೆಂಡತಿ ವಿನಿಗೆ ಎರಡು ಹೆರಿಗೆಯಾಯಿತು. ಎರಡೂ ಕೂಸು ಉಸಿರಾಡಲಿಲ್ಲ. ಜ್ಞಾನಸ್ನಾನವಾಗದ ಕೂಸುಗಳಿಗೆ ಚರ್ಚಿನ ಅಂಗಳದಲ್ಲಿ ಜಾಗ ಕೊಡರು, ಬೇಲಿಯಾಚೆ ಹೂತೆವು. ಮೂರನೆಯದಕ್ಕೆ ದಿನ ತುಂಬುವಾಗ ನನಗೆ ತಡೆಯಲಾಗಲಿಲ್ಲ.

"ಆ ಕಲ್ಲು ವಾಪಸ್ ಇಟ್ಟು ಬಾರೋ," ಎಂದೆ.

"ಸುಮ್ನಿರಕ್ಕ. ಕಲ್ಲಿಗೂ ಕೂಸಿಗೂ ಏನು ಸಂಬಂಧ?"

"ಎರಡು ಗುಂಡಿ ತೋಡಿದ್ದು ಸಾಲ್ದಾ? ಮೂರನೇದೂ ತೋಡ್ತೀಯಾ?"

ವಿನಿ ಹೊಟ್ಟೆಯ ಮೇಲೆ ಕೈಯಿಟ್ಟು ಒಲೆಯ ಪಕ್ಕ ಕೂತಿದ್ದಳು. "ಅಕ್ಕ ಹೇಳ್ದಂಗೆ ಮಾಡು ಮ್ಯಾಲಕಿ. ಈ ಸಲ ನನ್ ಕೈಲಿ ತಡ್ಕೊಳೋಕಾಗಲ್ಲ," ಎಂದಳು.

ಮಾರನೆಯ ಬೆಳಿಗ್ಗೆ ಒಲೆ ಕಿತ್ತು ಕಲ್ಲನ್ನು ಬೆನ್ನಿಗೆ ಹೊತ್ತ. ಹಾರೆ, ಲಾಂದ್ರ ಹಿಡಿದು ನಾನೂ ಹೋದೆ. ಅವನು ಗೋರಿಯ ಓಣಿಯೊಳಗೆ ಹೋಗಿ ನೋಡಿ, ಮೊಣಕಾಲಿನ ಮಣ್ಣು ಒರೆಸುತ್ತ ಈಚೆ ಬಂದ.

"ಅಕ್ಕ, ಆ ಸಂದು ಈಗಿಲ್ಲ. ಚಪ್ಪಡಿ ಇಳಿದು ಕೂತ್ಬಿಟ್ಟಿದೆ. ಹೊರಗೆ ರಾಶಿ ಮೇಲಿಟ್ಟು ಹೋಗೋಣ."

"ಅದಾಗಲ್ಲ. ತೆಗೆದೋನೇ ಇಡ್ಬೇಕು, ತೆಗೆದ ಜಾಗದಲ್ಲೇ ಇಡ್ಬೇಕು. ಚಿಕ್ಕಂದಿನಿಂದ ಕೇಳಿಲ್ವಾ?"

"ಹಾರೆ ಹಾಕಿ ಎಬ್ಬಿಸ್ಬೇಕಾಗುತ್ತೆ."

"ಎಬ್ಬಿಸು. ಊರಿಗೆಲ್ಲ ಗೋಡೆ ಕಟ್ಟೋನಿಗೆ ಇದೇನು ಮಹಾ?"

ಅವನು ನನ್ನ ಮುಖವನ್ನೇ ನೋಡಿದ. ಅವನಿಗೆ ಕಲ್ಲು ಗೊತ್ತಿತ್ತು, ನನಗೆ ಹೆದರಿಕೆ ಮಾತ್ರ ಗೊತ್ತಿತ್ತು. ಹಾರೆ ತೆಗೆದುಕೊಂಡು ಒಳಗೆ ಹೋದ. ಹಾರೆ ಕಲ್ಲಿಗೆ ತಾಗಿದ್ದು ಮೂರು ಸಲ ಕೇಳಿಸಿತು. ಆಮೇಲೆ "ಅಕ್ಕಾ" ಎಂದ. ಕೂಗಲಿಲ್ಲ, ಬರೀ ಕರೆದ. ಅದರ ಹಿಂದೆಯೇ ಗುಡ್ಡ ಅದುರಿ, ಓಣಿಯ ಬಾಯಿಂದ ಧೂಳು ಬಂತು.

ಊರವರಿಗೆ ಅವನನ್ನು ಹೊರಗೆ ತೆಗೆಯಲು ಎರಡು ದಿನ ಹಿಡಿಯಿತು. ಅಷ್ಟರಲ್ಲಿ ವಿನಿ ಹೆತ್ತಿದ್ದಳು. ಹೆಣ್ಣು ಕೂಸು, ಮನೆ ಹಾರಿಹೋಗುವಂತೆ ಅಳುತ್ತಿತ್ತು. ಒಳ್ಳೆಯವರು ಒಂದನ್ನು ಕೊಟ್ಟು ಒಂದನ್ನು ತೆಗೆದುಕೊಂಡರು ಎಂದು ಊರೆಲ್ಲ ತಲೆಯಾಡಿಸಿತು.

ತಿಂಗಳ ಮೇಲೆ ಡಬ್ಲಿನ್‌ನಿಂದ ಗೋರಿ ಅಳೆಯಲು ಒಬ್ಬ ಬಂದ. ಗುಡ್ಡ ತೋರಿಸಿದವಳು ನಾನೇ. "ಚಪ್ಪಡಿ ತಾನಾಗೇ ಇಳಿದು ಭದ್ರವಾಗಿ ಕೂತಿತ್ತಮ್ಮ. ಮುಟ್ಟದೇ ಬಿಟ್ಟಿದ್ರೆ ಇನ್ನೂ ಸಾವಿರ ವರ್ಷ ಅಲ್ಲಾಡ್ತಿರಲಿಲ್ಲ," ಎಂದ. ಕೇಳಿಸಿಕೊಂಡವಳು ನಾನೊಬ್ಬಳೇ.

ಕೂಸಿಗೆ ಅಟ್ರಾಕ್ಟಾ ಎಂದು ಹೆಸರಿಟ್ಟರು, ಈಗ ಏಳು ವರ್ಷ. ನಾನು ಹೋದಾಗಲೆಲ್ಲ ವಿನಿ ಅವಳನ್ನು ಎಬ್ಬಿಸಿ ನನಗೆ ಕುರ್ಚಿ ಕೊಡಿಸುತ್ತಾಳೆ. "ಅತ್ತೆ ಅವತ್ತು ಹಟ ಹಿಡೀದಿದ್ರೆ ನೀನಿರ್ತಿರಲಿಲ್ಲ ಕಣೆ, ಕೈಗೆ ಮುತ್ತು ಕೊಡು," ಎನ್ನುತ್ತಾಳೆ. ಹುಡುಗಿ ಕೊಡುತ್ತಾಳೆ. ನಾನು ಕೈ ಹಿಂದಕ್ಕೆ ಎಳೆದುಕೊಳ್ಳುವುದಿಲ್ಲ.