ಕೆಚ್ಚುವ ಬೆರಳು

ಅಕ್ಕನ ಬಲಗೈ ತೋರುಬೆರಳಿನ ತುದಿ ಒಂದು ದಿನ ಬಾಗಿತು. ಮತ್ತೆ ಏಳಲಿಲ್ಲ.

ನೂಲು ಸುತ್ತಿದ ಉರುಳೆ, ಬೀಮ್, ಮಗ್ಗಕ್ಕೆ ಏರಿಸುವಾಗ ಬೆರಳಿಗೆ ಬಡಿದಿತ್ತು. ರಕ್ತ ಬರಲಿಲ್ಲ. "ಬ್ಯಾನಿ ಇಲ್ಲಂದ್ರ ಏನಾಗಂಗಿಲ್ಲ ಬಿಡಕ್ಕಾ" ಎಂದವನು ನಾನು. ನಾಲ್ಕನೆಯ ಇಯತ್ತೆಗೆ ಸಾಲಿ ಬಿಟ್ಟು, ಬನಹಟ್ಟಿಯಲ್ಲಿ ಎರಡು ಪಾವರ್‌ಲೂಮ್ ನಡೆಸುವವನು. ನನ್ನ ಮಾತು ನಂಬಿ ಅವಳು ಐದು ತಿಂಗಳು ಸುಮ್ಮನಿದ್ದಳು.

ಜಮಖಂಡಿಯ ಡಾಕ್ಟರ್ ಎಕ್ಸ್-ರೇ ನೋಡಿದರು. ಎಲುಬು ನೆಟ್ಟಗಿದೆ, ಬೆರಳನ್ನು ಎತ್ತುವ ಟೆಂಡನ್ ಹರಿದಿದೆ ಎಂದರು.

"ಆವಾಗ್ಲೇ ಬಂದಿದ್ರ ಸ್ಪ್ಲಿಂಟ್ ಹಾಕ್ತಿದ್ವಿ. ಈಗ ಆಪರೇಷನ್ ಮಾಡಿದ್ರೂ ಖಾತ್ರಿ ಇಲ್ಲರಿ."

ಅಕ್ಕ ಆಪರೇಷನ್ ಒಲ್ಲೆ ಎಂದಳು. ಲೋಕಾಪುರದ ಆಯುರ್ವೇದ ವೈದ್ಯರ ಬಳಿ ಹೋದೆವು. ಬೆಚ್ಚಗಿನ ಎಣ್ಣೆ ಹಚ್ಚಿ, ಲೇಪ ಬಳಿದು, ಬಿದಿರಿನ ಸೀಳು ಕೊಟ್ಟು ಪಟ್ಟಿ ಕಟ್ಟಿದರು. "ಎರಡು ತಿಂಗಳು ಬೆರಳು ಬಾಗಬಾರದು. ವಾರಕ್ಕೊಮ್ಮೆ ನಾನ ಬಿಚ್ಚಿ ಕಟ್ತೀನಿ. ಒಂದ್ಸಲ ಬಾಗಿದ್ರೂ ಮತ್ತ ಒಂದರಿಂದ ಎಣಿಸೂದು."

ಐದು ವಾರ ಅಕ್ಕ ಚಮಚದಲ್ಲಿ ಉಂಡಳು.

ಆಗ ಒಂದು ಮಗ್ಗದ ಹಾಸು, ಬೀಮಿಗೆ ಸುತ್ತಿದ ಉದ್ದೆಳೆಗಳ ನೂಲು, ಮುಗಿಯಿತು. ಹಳೆಯ ಹಾಸಿನ ಎಳೆಗಳಿಗೆ ಹೊಸ ಎಳೆಗಳನ್ನು ಒಂದೊಂದಾಗಿ ಹೊಸೆದು ಕೂಡಿಸಬೇಕು. ಅದಕ್ಕೆ ಕೆಚ್ಚುವುದು ಎನ್ನುತ್ತೇವೆ. ಸಾವಿರಾರು ಎಳೆ. ನಮ್ಮ ಓಣಿಯಲ್ಲಿ ಅದು ಹೆಣ್ಣುಮಕ್ಕಳ ಕೆಲಸ, ಗಂಡಸು ಕುಳಿತರೆ ನಗುತ್ತಾರೆ. ಮದುವೆಯ ಹಂಗಾಮು, ಬೇರೆ ಯಾರೂ ಸಿಗಲಿಲ್ಲ. ಮಗ್ಗ ಮೂರು ದಿನ ನಿಂತಿತ್ತು.

"ಇದೊಂದ ದಿನ ಅಕ್ಕಾ" ಎಂದೆ.

ಅವಳು ನನ್ನ ಮುಖ ನೋಡಿ ಕೈ ಚಾಚಿದಳು.

ಪಟ್ಟಿ ಬಿಚ್ಚಿದವನು ನಾನು.

ಸಂಜೆಯ ಹೊತ್ತಿಗೆ ಬೆರಳು ಮೊದಲಿನಂತೆ ಜೋತಿತ್ತು. ಮತ್ತೆ ಲೋಕಾಪುರಕ್ಕೆ ಹೋದಾಗ ಯಾರು ಬಿಚ್ಚಿದರೆಂದು ವೈದ್ಯರು ಕೇಳಿದರು.

"ನಾನ ರೀ. ತುರಿಸಾಕತ್ತಿತ್ತು" ಎಂದಳು ಅಕ್ಕ. ಅವರು ಬೈದರು. ಅವಳು ತಲೆ ತಗ್ಗಿಸಿ ಕೇಳಿಸಿಕೊಂಡಳು. ನಾನು ಪಕ್ಕದಲ್ಲೇ ಕುಳಿತಿದ್ದೆ.

ಎಣಿಕೆ ಮತ್ತೆ ಒಂದರಿಂದ ಶುರುವಾಯಿತು. ಇನ್ನೊಂದು ಮಗ್ಗದ ಹಾಸು ಮುಗಿದ ದಿನ ನಾನೇ ಕೆಚ್ಚಲು ಕುಳಿತೆ. ಅಕ್ಕ ಹೇಳಿಕೊಟ್ಟಳು. ನೆರೆಮನೆಯ ಕಾಶವ್ವ ಬಾಗಿಲಲ್ಲಿ ನಿಂತು, "ಏನೋ ತಮ್ಮಾ, ಬಳಿ ಯಾವಾಗ ಇಡಿಸ್ಕೊಂತಿ?" ಎಂದಳು.

"ಮೊದಲ ಎಳಿ ಹಿಡಿಯೂದು ಕಲೀಲಿ ತಡೀಬೇ" ಎಂದಳು ಅಕ್ಕ.

ಅವಳ ಒಂದು ದಿನದ ಕೆಲಸಕ್ಕೆ ನನಗೆ ನಾಲ್ಕು ದಿನ ಹಿಡಿಯಿತು. ಎಳೆ ಹರಿಯಿತು, ಕೂಡಿಸಿದೆ. ಮತ್ತೆ ಹರಿಯಿತು, ಮತ್ತೆ ಕೂಡಿಸಿದೆ. ಪಟ್ಟಿಯನ್ನು ಮಾತ್ರ ಮುಟ್ಟಲಿಲ್ಲ.

ಎರಡು ತಿಂಗಳ ಮೇಲೆ ವೈದ್ಯರು ಪಟ್ಟಿ ತೆಗೆದರು. ಬೆರಳು ನಿಂತಿತು. ತುದಿ ತುಸು ಬಾಗಿಯೇ ಇತ್ತು. "ಇಷ್ಟ ಆಗೂದು. ಇಷ್ಟಕ್ಕ ಸಮಾಧಾನ ಮಾಡ್ಕೋರಿ" ಎಂದರು.

"ಅವತ್ತು ಬಿಚ್ಚಿದವ ನಾನ್ರಿ" ಎಂದೆ.

"ತಪ್ಪಾತು ಅಂತ ಆಕಿಗೆ ಹೇಳಿದ್ಯೇನು?" ಎಂದು ವೈದ್ಯರು ಕೇಳಿದರು.

ಹೇಳಿರಲಿಲ್ಲ. ಅಲ್ಲೇ ಹೇಳಿದೆ. ಅಕ್ಕ ಬೆರಳನ್ನು ನಿಧಾನವಾಗಿ ಮಡಚಿದಳು, ಬಿಡಿಸಿದಳು.

"ಇನ್ಮ್ಯಾಲೆ ಅರ್ಧಾ ನೀ ಕೆಚ್ಚು, ಅರ್ಧಾ ನಾ ಕೆಚ್ತೀನಿ."

ಈಗ ಹಾಗೆಯೇ ನಡೆದಿದೆ. ನನ್ನ ಕಡೆಯ ಎಳೆಗಳೇ ಹೆಚ್ಚು ಹರಿಯುತ್ತವೆ.