ಆ ಕಾಗದದಲ್ಲಿ ಸಿಕ್ಕ ಹೆಸರು

ನಂಬದವರು ನಗಲಿ. ಇದು ನನಗೇ ಆದದ್ದು. ನಾನು ಕುಡಿದಿರಲಿಲ್ಲ, ಕನಸೂ ಕಂಡಿರಲಿಲ್ಲ.

ಎಪ್ಪತ್ತರ ದಶಕದ ಕೊನೆಯ ಮಾತು. ನಾನು ಮತ್ತು ತಿಕೋಟಾದ ಗನಿ ಮುಂಬೈಯ ಒಂದು ಕಚೇರಿಯಲ್ಲಿ ದೊಡ್ಡ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದೆವು. ಒಂದು ದಿನ ಯಂತ್ರ ನಿಂತೇಬಿಟ್ಟಿತು. ಅದಕ್ಕೆ ಯಾರು ಹಚ್ಚಿದ ಕೆಲಸ, ಅಂದರೆ ಪ್ರೋಗ್ರಾಂ, ಅದನ್ನು ಕೆಡಿಸಿತೋ ಅವನ ನೌಕರಿ ಹೋಗುವುದು ಖಚಿತ. ಆ ಕೆಲಸದ ಹೆಸರು ಹುಡುಕುವ ಹೊಣೆ ನನ್ನದು. ನಿಂತ ಗಳಿಗೆಯಲ್ಲಿ ಯಂತ್ರದ ನೆನಪಿನಲ್ಲಿದ್ದುದನ್ನೆಲ್ಲ ಅಚ್ಚು ಹಾಕಿದ ಕಾಗದದ ಕಟ್ಟನ್ನು ರಜೆಗೆ ಊರ ಕಡೆ ಬರುವಾಗ ಹೊತ್ತು ತಂದೆ.

ಗನಿಯ ಮೇಲೆ ನನಗೆ ಮೊದಲಿನಿಂದಲೂ ಗುಮಾನಿ. ಅದಕ್ಕೇ ಒಂದು ರಾತ್ರಿ ತಿಕೋಟಾದಲ್ಲಿ ಅವನ ಮನೆಯವರ ದ್ರಾಕ್ಷಿ ತೋಟದ ಪಂಪಿನ ಕೋಣೆಯಲ್ಲಿ ಅವನನ್ನೇ ಎದುರಿಗೆ ಕೂರಿಸಿಕೊಂಡೆ. ಗಂಧಕದ ಪುಡಿಯ ವಾಸನೆ, ಹೊರಗೆ ಜೀರುಂಡೆ... ನಾನು ವಿಳಾಸ, ಅಂದರೆ ಯಂತ್ರದ ನೆನಪಿನ ಒಂದೊಂದು ಜಾಗದ ಅಂಕಿ, ಓದುವುದು, ಅವನು ಆ ಸಾಲಿಗೆ ಬೆರಳಿಡುವುದು. ಒಂದು ಕಡೆಯ ವಿಳಾಸ ಇನ್ನೊಂದು ಕಡೆಗೆ ಒಯ್ಯುತ್ತದೆ. ಕೊನೆಗೆ ಸಿಗುವುದು ಯಂತ್ರ ನಿಂತಾಗ ನಡೆಯುತ್ತಿದ್ದ ಕೆಲಸದ ಹೆಸರು.

"ಕಂದೀಲದಾಗ ಎಣ್ಣಿ ತೀರಾಕತ್ತೈತ್ರಿ ಅಣ್ಣಾ, ಊರಾಗಿಂದ ತರ್ತೀನಿ," ಎಂದು ಗನಿ ಸೈಕಲ್ ಹತ್ತಿದ. "ನಾ ಬರೂತನಕ ಮುಂದ ಹೋಗಬ್ಯಾಡ್ರಿ. ಗುರುತ ನೋಡಾಕ ಇಬ್ಬರು ಬೇಕು."

ಹೋಗಬೇಡ ಅಂದನಲ್ಲ... ಏಕೆ? ಹಾಳೆ ತಿರುವಿದೆ. ಸಿಕ್ಕಿತು. ಗನಿಯ ಕೆಲಸದ ಹೆಸರೇ! ಸುಳ್ಳೇಕೆ ಹೇಳಲಿ, ಖುಷಿಯಾಯಿತು. ಅಲ್ಲೇ ಸಾಹೇಬರಿಗೆ ಪತ್ರ ಬರೆದೆ. ಬೆಳಿಗ್ಗೆ ವಿಜಾಪುರಕ್ಕೆ ಹೋಗಿ ಅಂಚೆಗೆ ಹಾಕುವುದಷ್ಟೇ ಬಾಕಿ.

ಕಂದೀಲು ಆರಿತು. ಕತ್ತಲಲ್ಲಿ, ಎದುರಿಗೆ, ಹಾಳೆ ಸರಿದ ಸದ್ದು...

"ತಲೀ ಮ್ಯಾಲಿನ ಗುರುತು ನೋಡಿದೇನೋ ತಮ್ಮಾ?"

ಗನಿ ನನ್ನನ್ನು ಎಂದೂ ತಮ್ಮಾ ಎಂದವನಲ್ಲ.

ಕಡ್ಡಿ ಗೀರಿದೆ. ಯಾರೂ ಇಲ್ಲ. ನಡೆಯುತ್ತಿರುವ ಕೆಲಸವಾದರೆ ಹೆಸರಿರುವ ಆ ಜಾಗದ ತಲೆಯಲ್ಲಿ ನಾಲ್ಕಕ್ಷರದ ಗುರುತು ಇರಬೇಕು. ಅದನ್ನು ನೋಡದೆ ಹೆಸರು ನಂಬಬಾರದು. ಅವಸರದಲ್ಲಿ ನಾನು ನೋಡಿರಲಿಲ್ಲ. ಈಗ ನೋಡಿದರೆ... ಗುರುತೇ ಇಲ್ಲ! ಗನಿಯ ಕೆಲಸ ಮೊದಲೇ ಮುಗಿದುಹೋಗಿತ್ತು. ಬಾಡಿಗೆಯವರು ಖಾಲಿ ಮಾಡಿದ ಮನೆಗೆ ಹಳೆಯ ಹೆಸರಿನ ಹಲಗೆ ಉಳಿದಂತೆ, ಹೆಸರಷ್ಟೇ ಉಳಿದಿತ್ತು. ನಾಚಿಕೆಯಿಂದ ಪತ್ರ ಹರಿದು ಜೇಬಿಗೆ ತುರುಕಿದೆ.

ಗನಿ ಬಂದ. ಎಣ್ಣೆ ತುಂಬಿ ಕಂದೀಲು ಹಚ್ಚಿ ತನ್ನ ಗೋಣಿಚೀಲದ ಮೇಲೆ ಕೂತವನು ತಟ್ಟನೆ ಎದ್ದುಬಿಟ್ಟ.

"ಅಣ್ಣಾ... ಇಲ್ಲಿ ಯಾರ ಬಂದಿದ್ರು? ಚೀಲ ಇನ್ನಾ ಬೆಚ್ಚಗ ಐತಲ್ರಿ!"

ನಾನು ಕಾಗದದ ಕಟ್ಟನ್ನು ಕಟ್ಟಿಟ್ಟೆ. ಯಂತ್ರ ಏಕೆ ನಿಂತಿತೆಂಬುದು ತಿಳಿಯಲೇ ಇಲ್ಲ. ಗನಿಯ ನೌಕರಿ ಉಳಿಯಿತು. ಆ ಪತ್ರದ ವಿಷಯ ಅವನಿಗೆ ಇಂದಿಗೂ ಹೇಳಿಲ್ಲ. ಆದರೆ ನನ್ನನ್ನು ಬಿಟ್ಟು ಇನ್ನೊಬ್ಬರಿಗೆ ಅದು ಗೊತ್ತಿದೆ...