ರಬಾಳೆಯ ಗುಜರಿಯಲ್ಲಿ ನನ್ನ ಪದ್ಮಿನಿ

ಮುಂಬಯಿ ಹತ್ತಿರದ ಡೊಂಬಿವಲಿಯ ನಮ್ಮ ಹೌಸಿಂಗ್ ಸೊಸೈಟಿಯ ಪಾರ್ಕಿಂಗಿನಲ್ಲಿ ಆರು ವರ್ಷ, ಪ್ರತಿ ಭಾನುವಾರ, ನಾನೊಂದು ಹಳೆಯ ಪದ್ಮಿನಿ ಕಾರನ್ನು ಬಿಚ್ಚಿ ಜೋಡಿಸುತ್ತಿದ್ದೆ. ತುಕ್ಕು ಉಜ್ಜಿದ್ದು, ಉಲ್ಹಾಸನಗರದ ಅಂಗಡಿಗಳನ್ನೆಲ್ಲ ಅಲೆದು ಬಾಗಿಲಿನ ಹಿಡಿಕೆ ತಂದದ್ದು, ಸೀಟು ಹೊಲಿದದ್ದು ಎಲ್ಲ ನಾನೇ. ಎಂಜಿನ್ ಮಾತ್ರ ಇನ್ನೂ ಸ್ಟಾರ್ಟ್ ಆಗಿರಲಿಲ್ಲ.

ಆಫೀಸಿನ ಕೆಲಸಕ್ಕೆಂದು ಎರಡು ವಾರ ಪುಣೆಗೆ ಹೋಗಿ ಬಂದರೆ ಕಾರಿನ ಜಾಗ ಖಾಲಿ.

"ಗುಜರಿಗೆ ಕೊಟ್ಟೆ," ಅಂದಳು ಹೆಂಡತಿ. "ಸೊಸೈಟಿಯವರು ಮೂರು ಸಲ ನೋಟಿಸ್ ಕೊಟ್ರು. ನಿಮಗೆ ಓದೋಕೂ ಪುರುಸೊತ್ತಿರಲಿಲ್ಲ. ಭಾನುವಾರ ನಿಮ್ಮ ಮುಖ ನೋಡಿ ಆರು ವರ್ಷ ಆಯ್ತು ನಂಗೆ."

ವಿಳಾಸ ಕೇಳಿಕೊಂಡು, ಸಿಟ್ಟಿನಲ್ಲೇ ರಬಾಳೆಯ ಆ ಗುಜರಿಗೆ ಹೋದೆ. ಕಾರು ಅಷ್ಟೊತ್ತಿಗೆ ನಾಲ್ಕು ತುಂಡಾಗಿ ಬಿದ್ದಿತ್ತು. ಅದನ್ನು ಕೊಯ್ದವನು ಕಲಬುರಗಿ ಕಡೆಯವನು. ನನ್ನ ಹಿಂದಿ ಕೇಳಿಯೇ ಕನ್ನಡದವನೆಂದು ಗುರುತು ಹಿಡಿದ.

"ಇದನ್ನ ಕೊಯ್ಯಾಕ ಮನಸ್ಸಾಗಲಿಲ್ಲ ನೋಡ್ರಿ ಸರ," ಅಂದ. "ಬಾಗಲದ ಒಳಗ, ಯಾರಿಗೂ ಕಾಣದ ಜಾಗಾದಾಗೂ ಬಣ್ಣ ಹಚ್ಚ್ಯಾರ. ಎಷ್ಟ್ ಕಾಳಜಿಲೆ ಮಾಡ್ಯಾರ!"

ಆರು ವರ್ಷದಲ್ಲಿ ಆ ಮಾತು ಹೇಳಿದವನು ಅವನೊಬ್ಬನೇ.

"ಮಾಲಕರು ತೀರಿಕೊಂಡಿರಬೇಕ್ರಿ. ಇಲ್ಲಂದ್ರ ಮನಿಯವರು ಹಿಂಗ್ಯಾಕ ಮಾರ್ತಿದ್ರು? ನಿಮಗ ಏನಾಗಬೇಕು ಅವರು?"

"ಏನೂ ಆಗಬೇಕಿಲ್ಲ, ಪರಿಚಯದವರು," ಅಂದೆ.

ಅವನು ಆ ತುಂಡುಗಳ ಕಡೆ ನೋಡಿ ಲೊಚಗುಟ್ಟಿದ. "ಚಲೋ ಮನುಷ್ಯಾ ಇದ್ದಿರಬೇಕ್ರಿ."

"ಅದನ್ನು ಅವರ ಹೆಂಡತಿಯನ್ನೇ ಕೇಳಬೇಕಪ್ಪ," ಅಂದೆ.